ನೂರಕ್ಕೆ ಮೂವತ್ತೆಂಟು ಅಕ್ಕ

ಇದನ್ನೆಲ್ಲ ಹೇಳಲು ನೀನು ಯಾರು ಎಂದು ನೀವು ಕೇಳಿದರೆ ತಪ್ಪಿಲ್ಲ, ಕ್ಷಮಿಸಿ. ಬಣ್ಣದ ಕಾರ್ಖಾನೆಯಲ್ಲಿ ಡಬ್ಬಿಗಳ ಮೇಲಿನ ಲೇಬಲ್ ಸರಿಯಿದೆಯೇ ಎಂದು ನೋಡುವವಳು ನಾನು. ಮನೆಯಲ್ಲೂ ಅಷ್ಟೇ, ಬೀದಿಯ ತಿರುವಿನಿಂದ ಮರಳಿ ಬಂದು ಬೀಗ ಎಳೆದು ನೋಡುತ್ತೇನೆ. ಜೀವಶಾಸ್ತ್ರ ಓದಿದ್ದು ಸಂಜೆ ತರಗತಿಯಲ್ಲಿ, ಅದೂ ತೂಕಡಿಸುತ್ತ. ಎಲ್ಲಾದರೂ ತಪ್ಪಿದ್ದರೆ ಅದು ನನ್ನದೇ.

ನನ್ನ ತಮ್ಮ ಎಲೆಕ್ಟ್ರಿಷಿಯನ್. ಸಿಟ್ಟು ಬಂದರೆ ಟಪ್ಪೆಂದು ಹಾರಿಹೋಗುತ್ತಾನೆಂದು ಮನೆಯವರಿಗೆಲ್ಲ ಅವನು ಫ್ಯೂಸು. ಎರಡು ವರ್ಷದ ಹಿಂದೆ ಅವನ ಎರಡೂ ಮೂತ್ರಪಿಂಡ ಕೈಕೊಟ್ಟವು. ನಾನು ನನ್ನದೊಂದನ್ನು ಕೊಟ್ಟೆ. ಬೇರೆಯವರ ಅಂಗವನ್ನು ಮೈ ಹೊರದಬ್ಬದಿರಲು ಅವನು ದಿನಾ ಮಾತ್ರೆ ನುಂಗಬೇಕು. ಆ ಮಾತ್ರೆಯಿಂದ ಅವನ ಕೈ ನಡುಗುತ್ತಿತ್ತು. ಕೈ ನಡುಗುವವನಿಗೆ ಯಾರು ತಂತಿ ಮುಟ್ಟಲು ಬಿಡುತ್ತಾರೆ? ಕೆಲಸ ನಿಂತೇ ಹೋಗಿತ್ತು.

ಆಸ್ಪತ್ರೆಯಲ್ಲಿ ಒಂದು ಹೊಸ ಪ್ರಯೋಗ ನಡೆದಿತ್ತು. ಮೂತ್ರಪಿಂಡದ ಜೊತೆಗೆ ನನ್ನ ಕಾಂಡಕೋಶಗಳನ್ನೂ, ಅಂದರೆ ರಕ್ತ ಹುಟ್ಟಿಸುವ ಮೂಲಕೋಶಗಳನ್ನೂ, ಅವನಿಗೆ ಕೊಟ್ಟಿದ್ದರು. ಅವು ಅವನಲ್ಲಿ ಬೇರು ಬಿಟ್ಟರೆ ನನ್ನ ಮೂತ್ರಪಿಂಡವನ್ನು ಅವನ ಮೈ ಹೊರಗಿನದೆಂದು ನೋಡುವುದಿಲ್ಲ, ಮಾತ್ರೆ ಬಿಡಬಹುದು. ಬೇರು ಬಿಟ್ಟಿವೆಯೋ ಇಲ್ಲವೋ ಎಂದು ವರ್ಷ ತುಂಬಿದ ಮೇಲಿನ ರಕ್ತಪರೀಕ್ಷೆ ಹೇಳಬೇಕಿತ್ತು.

ಆ ದಿನ ಹೋಲಿಸಿ ನೋಡಲು ನನ್ನ ರಕ್ತವನ್ನೂ ತೆಗೆದರು. ಅಷ್ಟರಲ್ಲಿ ಯಾರೋ ಕೂಗಿದರೆಂದು ನರ್ಸಮ್ಮ ಎರಡು ಟ್ಯೂಬುಗಳನ್ನೂ ಲೇಬಲ್‌ಗಳನ್ನೂ ಟ್ರೇಯಲ್ಲಿಟ್ಟು ಆಚೆ ಹೋದರು. ನನ್ನ ಕೈ ಸುಮ್ಮನಿರಲಿಲ್ಲ. ಕಾರ್ಖಾನೆಯ ಅಭ್ಯಾಸ, ನಾನೇ ಅಂಟಿಸಿಬಿಟ್ಟೆ.

ನಾಲ್ಕು ದಿನಕ್ಕೆ ವರದಿ ಬಂತು. ಡಾಕ್ಟರಮ್ಮ ಕರೆಯುವ ಮೊದಲೇ ಬೆಂಚಿನ ಮೇಲೆ ತಮ್ಮನ ಪಕ್ಕ ಕೂತು ಓದಿದೆ. ತಮ್ಮನ ಹೆಸರಿನ ಕೆಳಗೆ 'ಸ್ತ್ರೀ ಕೋಶಗಳು: ಶೇಕಡಾ ಮೂವತ್ತೆಂಟು' ಎಂದಿತ್ತು. ಮತ್ತೊಮ್ಮೆ ಓದಿದೆ. ಗಂಡಸಿನ ರಕ್ತದಲ್ಲಿ ಹೆಣ್ಣಿನ ಕೋಶ?

"ಫ್ಯೂಸು, ಎಲ್ಲ ಹಾಳು ಮಾಡಿಬಿಟ್ಟೆ ಕಣೋ."

"ಏನೀಗ? ಮನೆಗೆ ಬೀಗ ಹಾಕಿಲ್ವಾ?"

"ತಮಾಷೆ ಬೇಡ. ನಿನ್ನ ಟ್ಯೂಬಿಗೆ ನನ್ನ ಲೇಬಲ್, ನನ್ನದಕ್ಕೆ ನಿಂದು ಅಂಟಿಸಿದೀನಿ. ಈ ತಪ್ಪು ವರದಿ ನಂಬಿ ಮಾತ್ರೆ ಹೆಚ್ಚುಕಮ್ಮಿ ಮಾಡಿದ್ರೆ ನಿನ್ನ ಗತಿ?"

ಅವನ ಮುಖ ಸಪ್ಪಗಾಯಿತು. ನಡುಗುವ ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡ. "ಹೇಳ್ಬಿಡೋಣ ಅಕ್ಕಾ. ಇನ್ನೊಂದಷ್ಟು ದಿನ ನುಂಗಿದ್ರೆ ಏನೂ ಆಗಲ್ಲ."

ಡಾಕ್ಟರಮ್ಮನ ಮುಂದೆ ಒಂದೇ ಉಸಿರಿಗೆ ತಪ್ಪೊಪ್ಪಿಕೊಂಡೆ. ಅವರು ಕನ್ನಡಕ ತೆಗೆದಿಟ್ಟರು.

"ಲೇಬಲ್ ಮುಟ್ಟಿದ್ದು ತಪ್ಪಮ್ಮ. ಅದಕ್ಕೆ ಆಮೇಲೆ ಬೈತೀನಿ. ಆದ್ರೆ ಟ್ಯೂಬು ಅದಲುಬದಲಾಗಿದ್ರೆ ಇದ್ರಲ್ಲಿ ಹೆಣ್ಣಿನ ಕೋಶ ಎಷ್ಟಿರ್ಬೇಕಿತ್ತು?"

"ನೂರಕ್ಕೆ... ನೂರು."

"ಮತ್ತೆ ಮೂವತ್ತೆಂಟು ಯಾಕೆ ಬಂತು?"

ನನಗೆ ಹೊಳೆಯಲಿಲ್ಲ. ತಮ್ಮನಿಗೆ ಹೊಳೆಯಿತು. "ಅಯ್ಯೋ ಅಕ್ಕಾ, ಅದು ನೀನೇ ಕಣೇ! ನನ್ನೊಳಗಿರೋ ನೀನು!"

"ಅದೇ ನಮಗೆ ಬೇಕಾಗಿದ್ದು," ಎಂದರು ಡಾಕ್ಟರಮ್ಮ. "ಬೇರು ಬಿಟ್ಟಿವೆ."

"ಹೊರಗೆ ಅಧಿಕಾರ ನಡೆಸಿದ್ದು ಸಾಲ್ದು ಅಂತ ಒಳಗೂ ಬಂದು ಕೂತಿದಾಳೆ, ನೋಡಿ ಡಾಕ್ಟ್ರೇ."

ನನಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಆದರೂ ಪಟ್ಟು ಹಿಡಿದು ಇನ್ನೊಮ್ಮೆ ಪರೀಕ್ಷೆ ಮಾಡಿಸಿದೆ. ಈ ಸಲ ಲೇಬಲ್ ಅಂಟಿಸಿದ್ದು ನರ್ಸಮ್ಮ. ನಾನು ಕೈಕಟ್ಟಿ ನಿಂತಿದ್ದೆ. ಮೂವತ್ತೊಂಬತ್ತು ಬಂತು.

ಮಾತ್ರೆಯನ್ನು ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪವೇ ಇಳಿಸಿ ಕೊನೆಗೆ ನಿಲ್ಲಿಸಿದರು. ಮೊನ್ನೆ ಅವನು ನಮ್ಮ ಅಡುಗೆಮನೆಯ ಸ್ವಿಚ್ ಬದಲಾಯಿಸಿದ. ನಾನು ಸ್ಟೂಲು ಹಿಡಿದು ನಿಂತಿದ್ದೆ. ಸ್ಕ್ರೂಡ್ರೈವರ್ ಒಂದೇ ಸಲಕ್ಕೆ ಸ್ಕ್ರೂವಿನ ಗೀರಿನಲ್ಲಿ ಕೂತಿತು. ಇಬ್ಬರೂ ಅದನ್ನು ನೋಡಿದೆವು. ಹೊರಟವನು ಬೀದಿಯ ತಿರುವಿನಿಂದ ಮರಳಿ ಬಂದು, ತಾನು ಮೇನ್ ಸ್ವಿಚ್ ಮತ್ತೆ ಹಾಕಿದ್ದೇನೆಯೇ ಎಂದು ನೋಡಿದ. "ಇದೂ ನಿನ್ನ ಕೋಶಗಳ ಕಾಟವೇ," ಎಂದು ಗೊಣಗಿದ.

ಆ ಕೋಶಗಳು ಅವನಲ್ಲಿ ಎಷ್ಟು ವರ್ಷ ಉಳಿಯುತ್ತವೆ ಎಂದು ಡಾಕ್ಟರಮ್ಮನನ್ನು ಕೇಳಿದ್ದೆ. "ನಮಗೂ ಗೊತ್ತಿಲ್ಲಮ್ಮ," ಎಂದರು. ನನಗೂ ಗೊತ್ತಿಲ್ಲ.