ಹೊಸ್ತಿಲ ಮೇಲಿನ ಕೀಲಿ

ವೈಪರ್ ಎಡಕ್ಕೆ ಬಂತು, ಬಲಕ್ಕೆ ಹೋಯಿತು, ಕೆಂಪು ಧೂಳು ಒರೆಸಿದಷ್ಟೂ ಕೆಸರಾಗಿ ಗಾಜಿನ ಮೇಲೆ ಒಂದು ಕಮಾನು ಉಳಿಯಿತು, ಕಮಾನಿನೊಳಗೆ ಅದಿರು ಲಾರಿಯ ಹಿಂಬದಿ, ಅದರ ಮುಂದೆ ಇನ್ನೊಂದು, ಪಾಪಿನಾಯಕನಹಳ್ಳಿ ದಾಟುವವರೆಗೂ ಲಾರಿಗಳೇ, ಸಂಡೂರಿನ ಗುಡ್ಡವನ್ನು ಇಷ್ಟಿಷ್ಟೇ ಹೊತ್ತು ಚೀನಾಕ್ಕೆ ಹೊರಟಂತೆ — ಪ್ರಿಯಂವದಾ ಗಡಿಯಾರ ನೋಡಿಕೊಂಡಳು, ಒಂಬತ್ತೂವರೆ, ಹತ್ತಕ್ಕೆ ಫೋನು ಬರುತ್ತದೆ, ಹನ್ನೊಂದೂವರೆಗೆ ವಿಮಾನ. ಮೇಡಂ, ಅಂಜಬ್ಯಾಡ್ರಿ, ಇಮಾನ ನಿಮ್ಮನ್ನ ಬಿಟ್ಟು ಎಲ್ಲಿಗೋಗತೈತಿ, ಹೊಡಿಯಾಕಿನೇ ಇಲ್ಲಿ ಕುಂತೀರಿ, ಎಂದು ಡ್ರೈವರ್ ಹೊನ್ನೂರಸ್ವಾಮಿ ಸ್ಟೇರಿಂಗಿಗೆ ಗದ್ದ ಆನಿಸಿ ನಕ್ಕ, ಅವಳೂ ನಕ್ಕಳು, ನಗು ಧೂಳಿನ ಹಾಗೆ ಹಲ್ಲಿನ ನಡುವೆ ಕರಕರ ಎಂದಿತು. ಹತ್ತಕ್ಕೆ ವಿಮಾನ ಕಂಪನಿಯವರು ಕೇಳುವುದು ಒಂದೇ ಮಾತು, ಕ್ಯಾಪ್ಟನ್, ದೊಡ್ಡ ಜೆಟ್ಟಿಗೆ ಬರುತ್ತೀರೋ ಇಲ್ಲವೋ. ಬಂದರೆ ನೂರೆಂಬತ್ತು ಸೀಟು, ಮುಂದೆ ಸಮುದ್ರ ದಾಟುವ ದಾರಿ, ಆದರೆ ಅಲ್ಲಿಯ ಹಿರಿತನದ ಪಟ್ಟಿಯಲ್ಲಿ ಅವಳ ಹೆಸರು ಎಲ್ಲರಿಗಿಂತ ಕೆಳಗೆ, ಎರಡು ವರ್ಷ ಸಹಪೈಲಟ್ಟಿನ ಬಲಗಡೆ ಸೀಟು, ಹಬ್ಬದ ದಿನದ ಡ್ಯೂಟಿ, ಯಾರಿಗೋ ಜ್ವರ ಬಂದರೆ ಓಡಲು ಪೆಟ್ಟಿಗೆ ಕಟ್ಟಿಟ್ಟು ಕಾಯುವುದು. ಇದ್ದಲ್ಲೇ ಇದ್ದರೆ ಎರಡು ಪಂಖದ ಈ ಪುಟ್ಟ ವಿಮಾನ, ಕ್ಯಾಪ್ಟನ್ನಿನ ಎಡಗಡೆ ಸೀಟು, ಪಟ್ಟಿಯಲ್ಲಿ ಮೂರನೆಯ ಹೆಸರು — ತಿಂಗಳ ಡ್ಯೂಟಿ ಆರಿಸಿಕೊಳ್ಳುವಾಗ ಅವಳಿಗಿಂತ ಮೊದಲು ಕೈ ಹಾಕುವವರು ಇಬ್ಬರೇ, ಅವರಿಬ್ಬರಿಗೂ ಉಕ್ಕಿನ ಕಾರ್ಖಾನೆಯ ಪಕ್ಕದ ಈ ಧೂಳಿನ ಊರು ಬೇಡ, ಹಾಗಾಗಿ ನಾಲ್ಕು ವರ್ಷದಿಂದ ಮಂಗಳವಾರವೂ ಶುಕ್ರವಾರವೂ ಇಲ್ಲಿಗೆ ಬರುವ ಡ್ಯೂಟಿ ಅವಳದೇ, ಸಂಜೆ ಇಲ್ಲಿ ಇಳಿದು, ಹೊಸಪೇಟೆಯ ಮನೆಯಲ್ಲಿ ಮಲಗಿ, ಬೆಳಿಗ್ಗೆ ಮಗಳ ಜಡೆ ಹೆಣೆದು ಹೊರಡುವುದು. ದೊಡ್ಡ ಜೆಟ್ಟು ಇಲ್ಲಿ ಇಳಿಯುವುದಿಲ್ಲ. ರನ್‌ವೇ ಗಿಡ್ಡ. ಅಷ್ಟೇ, ಯಾರ ಕೆಡುಕೂ ಇಲ್ಲ, ಟಾರು ಹಾಕಿದ ನೆಲ ಅಲ್ಲಿಗೆ ಮುಗಿಯುತ್ತದೆ. ಒಲ್ಲೆ ಎಂದವರನ್ನು ಮೂರು ವರ್ಷ ಮತ್ತೆ ಕೇಳುವುದಿಲ್ಲ, ಅಷ್ಟರಲ್ಲಿ ಪುಟ್ಟ ವಿಮಾನಗಳನ್ನೇ ಮಾರಿಬಿಡುತ್ತಾರೆ ಎಂಬ ಸುದ್ದಿಯೂ ಇದೆ, ಆಗ ವೇದಾಂತ್, ಅಡ್ಡಗಾಳಿಯಲ್ಲಿ ಚಕ್ರ ಊರುವುದನ್ನು ಅವಳೇ ಕಲಿಸಿದ ಹುಡುಗ, ದೊಡ್ಡ ಜೆಟ್ಟಿನ ಎಡಗಡೆ ಕೂತಿರುತ್ತಾನೆ, ಅವಳು ಅವನ ಬಲಕ್ಕೆ. ನೀವು ಬೇಡ ಅಂದ್ರೆ ಮುಂದಿನ ಹೆಸರು ನಂದು ಮೇಡಂ, ಬೇಜಾರು ಮಾಡ್ಕೋಬೇಡಿ, ಎಂದಿದ್ದ ಅವನು. ಬೇಜಾರೇನು, ಸರದಿ ಎಂದರೆ ಅದೇ ಅಲ್ಲವೇ, ಸರದಿಯ ವಿಷಯ ಅವಳಿಗೆ ಹೊಸದೇ — ಕಂಪ್ಲಿಯ ಹೊಳೆದಂಡೆಯ ಗುಡಿ, ನಾಲ್ಕು ಮನೆಯವರಿಗೆ ಮೂರು ಮೂರು ತಿಂಗಳ ಪೂಜೆಯ ಪಾಳಿ, ಪಾಳಿ ಮುಗಿದವನು ಗರ್ಭಗುಡಿಯ ಕೀಲಿಯನ್ನು ಕೈಗೆ ಕೊಡಬಾರದು, ಹೊಸ್ತಿಲ ಮೇಲಿಟ್ಟು ಮೇಲೊಂದು ತುಳಸಿ ಎಸಳಿಟ್ಟು ಹಿಂದೆ ಸರಿಯಬೇಕು, ಪಾಳಿ ಹಿಡಿಯುವವನು ಬಂದು ಎತ್ತಿಕೊಳ್ಳಬೇಕು.

ಅಪ್ಪ ಇಟ್ಟಿದ್ದ. ಒದ್ದೆ ಪಂಚೆ, ಬಗ್ಗಿದ ಬೆನ್ನು, ಗೇಣುದ್ದದ ಕಬ್ಬಿಣದ ಕೀಲಿ, ಮೇಲೆ ತುಳಸಿ, ಕಂಬಕ್ಕೆ ಒರಗಿ ನಿಂತ ಅವಳಿಗೆ ಆಗ ಎಂಟು ವರ್ಷ. ಅಮ್ಮ ಬಳ್ಳಾರಿಯ ಆಸ್ಪತ್ರೆಯಲ್ಲಿದ್ದಳು, ಒಂದು ಪಾಳಿ ಅಷ್ಟೇ, ದೊಡ್ಡಪ್ಪ ನೋಡಿಕೊಳ್ಳಲಿ, ಎಂದಿದ್ದ ಅಪ್ಪ. ಅಮ್ಮ ಉಳಿಯಲಿಲ್ಲ, ಅಪ್ಪ ತಿರುಗಿ ಬಂದ, ಬಿಟ್ಟ ಪಾಳಿ ಕೆಳಗ ಹೋಗ್ತದ ಶೀನಪ್ಪ, ಇನ್ನ ನಿಂದು ಕಡೀಗೆ, ಕಡೀಗೆ ಅಂದ್ರ ನೋಡೋಣಂತ, ಎಂದ ದೊಡ್ಡಪ್ಪ ಅಡಿಕೆ ಕತ್ತರಿಸುತ್ತ, ನೋಡೋಣ ಎನ್ನುತ್ತಲೇ ಹದಿನೇಳು ವರ್ಷ, ಅಪ್ಪ ಹೊಳೆಯಿಂದ ಅಭಿಷೇಕದ ನೀರು ತಂದು ಹೊಸ್ತಿಲ ಈಚೆ ಇಟ್ಟು ಬರುತ್ತಿದ್ದ, ಆಚೆ ಕಾಲಿಡಲಿಲ್ಲ. ಅದನ್ನು ನೋಡುತ್ತಲೇ ಬೆಳೆದವಳು ಅವಳು. ಬಸುರಿಯಾದಾಗ ಹಾರಾಟ ಬಿಡಿಸಿ ನೆಲದ ಕೆಲಸಕ್ಕೆ ಹಾಕಿದ ಒಂದೊಂದು ದಿನವನ್ನೂ ಬೆರಳಲ್ಲಿ ಎಣಿಸಿದವಳು, ಮಗು ಐದು ತಿಂಗಳಿದ್ದಾಗಲೇ ಹಾಲು ಸೋರಿದ ಅಂಗಿಯ ಮೇಲೆ ಕೋಟು ಹಾಕಿಕೊಂಡು ಸೀಟಿಗೆ ಮರಳಿದವಳು, ಹೆಸರು ಒಂದು ಗೆರೆಯೂ ಕೆಳಗಿಳಿಯಬಾರದು ಎಂದು. ನಿನ್ನ ವಿಚಾರ ನೀ ಮಾಡು ಮಾರಾಯ್ತಿ, ನಾ ಏನಂದ್ರೂ ನಾಳೆ ನನ್ನ ತಲಿಗೇ ಬರ್ತದ, ಎಂದ ನಿನ್ನೆ ಅಚ್ಯುತ, ಡ್ಯಾಮಿನ ಆಫೀಸಿನ ನಕ್ಷೆಯಿಂದ ತಲೆ ಎತ್ತದೆ, ಕೈ ಹಿಡಿದು ಹದಿಮೂರು ವರ್ಷವಾದ ಗಂಡ, ಒಳ್ಳೆಯವನು, ಮಗಳನ್ನು ಸಾಲಿಗೆ ಬಿಡುವುದೂ ಅನ್ನ ಕಲಸಿ ಡಬ್ಬಿ ಕಟ್ಟುವುದೂ ಅವನೇ, ಜಡೆ ಮಾತ್ರ ತನ್ನದೇ ಕೆಲಸ ಎಂದು ಅವಳು ತಿಳಿದಿದ್ದಳು — ಇವತ್ತು ಬೆಳಿಗ್ಗೆ ಎಣ್ಣೆ ಬಟ್ಟಲು, ಬಾಚಣಿಕೆ, ಕೆಂಪು ರಿಬ್ಬನ್ನು ಹಿಡಿದು ಕೋಣೆಗೆ ಹೋದರೆ ಶ್ರೀಪ್ರಿಯಾ ಕನ್ನಡಿಯ ಮುಂದೆ, ಎರಡೂ ಜಡೆ ಮುಗಿದಿವೆ, ಬೈತಲೆ ಸೊಟ್ಟ, ಹೆಣಿಗೆ ಬಿಗಿ. ಯಾವಾಗ ಕಲಿತಿ. ಹೋದ ದಸರಾದಾಗಲೇ ಕಲಿತೀನಿ, ನೀ ಬಂದಾಗ ಹಾಕಿಸ್ಕೋತಿದ್ದೆ ಅಷ್ಟೇ, ನಿನಗ ಖುಷಿ ಆಗ್ತದಂತ. ಮತ್ತ ಇವತ್ಯಾಕ. ನೀ ದೊಡ್ಡ ವಿಮಾನಕ್ಕ ಹೋಗ್ತೀಯಂತಲ್ಲ, ಹೋಗಮ್ಮ, ನನಗ ರೂಢಿ ಆಗ್ಯದ. ಒಂಬತ್ತು ವರ್ಷದ ಹುಡುಗಿ, ಕನ್ನಡಿಯೊಳಗಿಂದ, ಸಿಟ್ಟಿಲ್ಲದೆ. ಸಿಟ್ಟಾದರೂ ಇರಬೇಕಿತ್ತು.

ಲಾರಿ ಕದಲಿತು, ಹೊನ್ನೂರಸ್ವಾಮಿ ಗೇರು ಹಾಕಿದ, ಹೋಗ್ಲೇ ಹೋಗ್ಲೇ ನಿಮ್ಮಪ್ಪಂದೇನು ರೋಡು, ಎಂದು ಹಾರ್ನು ಒತ್ತಿದ, ಅವಳ ಮಡಿಲಲ್ಲಿ ಫೋನು ನಡುಗಿತು, ಹತ್ತು ಆಗಿಲ್ಲ, ಇನ್ನೂ ಐದು ನಿಮಿಷ ನನ್ನದು, ನನ್ನ ಐದು ನಿಮಿಷ — ಕ್ಯಾಪ್ಟನ್, ಪಟ್ಟಿ ಮುಚ್ಚುತ್ತಿದ್ದೇವೆ, ಹೌದೋ ಅಲ್ಲವೋ. ಹೊಳೆಯ ನೀರಿನ ಕೊಡ ಹೊಸ್ತಿಲ ಈಚೆ, ಅಪ್ಪನ ಒಡೆದ ಹಿಮ್ಮಡಿ, ಹದಿನೇಳು ವರ್ಷ. ಹೌದು, ಎಂದಳು ಪ್ರಿಯಂವದಾ. ಅಭಿನಂದನೆಗಳು, ಸೋಮವಾರದಿಂದ ದೆಹಲಿಯಲ್ಲಿ ತರಬೇತಿ, ಈ ವಾರದ ಉಳಿದ ಡ್ಯೂಟಿಗಳಿಗೆ ಬೇರೆಯವರನ್ನು ಹಾಕುತ್ತೇವೆ, ಎಂದು ಆ ದನಿ ಹೋಯಿತು. ಏನ್ ಮೇಡಂ, ಸಿಹಿ ಸುದ್ದಿಯಾ, ಹಂಗಾದ್ರ ಶುಕ್ರವಾರ ಬರೋವಾಗ ಪೇಡೆ ತರ್ರಿ ಮತ್ತ. ಶುಕ್ರವಾರ, ಎಂದಳು ಅವಳು, ತರ್ತೀನಿ ಎನ್ನಲು ಹೋದಳು, ಶುಕ್ರವಾರ ಇನ್ನು ಅವಳದಲ್ಲ — ವೈಪರ್ ಎಡಕ್ಕೆ ಬಂತು, ಬಲಕ್ಕೆ ಹೋಯಿತು, ಇಷ್ಟು ವರ್ಷ ಅಪ್ಪನ ಹಾಗೆ ಆಗಬಾರದು, ಪಾಳಿ ಬಿಡಬಾರದು ಎಂದು, ಮತ್ತೆ ಈಗ ಬಿಟ್ಟದ್ದು ಯಾವ ಪಾಳಿ, ಕಮಾನಿನೊಳಗೆ ಲಾರಿ ಇಲ್ಲ, ಗುಡಿಯ ಕತ್ತಲೆ, ಹೊಸ್ತಿಲು, ಕೀಲಿ, ಮೇಲೆ ತುಳಸಿ, ಇಟ್ಟು ಹಿಂದೆ ಸರಿದ ಕೈ ಅಪ್ಪನದಲ್ಲ, ಎತ್ತಿಕೊಳ್ಳಲು ಬಂದ ಕೈ ದೊಡ್ಡಪ್ಪನದಲ್ಲ, ಸಣ್ಣ ಕೈ, ಜಡೆ ಹೆಣೆದ ಬೆರಳ ಸಂದಿಯಲ್ಲಿ ತಲೆಯೆಣ್ಣೆಯ ಪಸೆ, ಕೀಲಿ, ತುಳಸಿ, ಆ ಸಣ್ಣ ಕೈ.