ಕೊಳವೆಯಲ್ಲಿ ಉಳಿದ ಮದ್ದು

ಆರ್ಡೆನ್ ಸತ್ತು ಏಳು ತಿಂಗಳಾದ ಮೇಲೆ ವೆರ್ಲಾ ಅವನ ಶೆಡ್ಡಿನ ಬಾಗಿಲು ತೆಗೆದಳು. ಮೊಂಟಾನಾದಲ್ಲಿ ಎಲ್ಕ್ ಅನ್ನುವ ದೊಡ್ಡ ಜಿಂಕೆಯ ಬೇಟೆಗೆ ಇನ್ನು ಮೂರೇ ವಾರ. ಇಪ್ಪತ್ತೆರಡು ವರ್ಷ ಗಂಡ ಹೆಂಡತಿ ಇಬ್ಬರೂ ಒಂದೇ ಬೆಟ್ಟ ಹತ್ತಿದ್ದರು. ಖಾಲಿ ಕವಚಗಳಿಗೆ ಕೋವಿಮದ್ದು ತುಂಬಿ ಅವಳ ರೈಫಲ್ಲಿಗೆ ತೋಟಾ ಮಾಡಿಕೊಡುತ್ತಿದ್ದವನು ಅವನೇ.

ಮೇಜಿನ ಮೇಲೆ, ಮದ್ದು ಅಳೆಯುವ ಯಂತ್ರದ ಕೊಳವೆಯಲ್ಲಿ ಅರ್ಧದಷ್ಟು ಮದ್ದು ಹಾಗೇ ಉಳಿದಿತ್ತು. ವೆರ್ಲಾ ಬಗ್ಗಿ ನೋಡಿದಳು. ಹಳೆಯದೇ ಅನ್ನಿಸಿತು. ಅವನ ಮೆಚ್ಚಿನ ಆ ಮದ್ದು ತಯಾರಾಗುವುದೇ ನಿಂತು ಎಷ್ಟೋ ವರ್ಷವಾಗಿತ್ತು. ಮೂಳೆ ಕೊರೆಯುವ ಚಳಿಯಿರಲಿ, ಜುಲೈ ಬಿಸಿಲಿರಲಿ, ಅದು ಗುಂಡನ್ನು ಒಂದೇ ವೇಗದಲ್ಲಿ ಕಳಿಸುತ್ತಿತ್ತು. ವೇಗ ಅಳೆಯುವ ಯಂತ್ರ ಹತ್ತು ಸಲವೂ ಹತ್ತಿರ ಹತ್ತಿರದ ಅಂಕಿ ತೋರಿಸಿದರೆ ಆರ್ಡೆನ್, "ನೋಡೇ, ನಿನ್ ಥರಾನೇ, ಹಿಡಿದ ಹಟ ಬಿಡಲ್ಲ" ಅಂತ ರೇಗಿಸುತ್ತಿದ್ದ.

ಆ ಅಂಕಿಗಳನ್ನು ಇನ್ನೊಂದೇ ಒಂದು ಸಲ ನೋಡಬೇಕು ಅನ್ನಿಸಿತು ಅವಳಿಗೆ.

ಪಕ್ಕದ ಮನೆಯ ಕ್ಲೈಡ್ ಕಾಫಿ ಹಿಡಿದು ಬಂದವನು ಮೇಜು ನೋಡಿ ನಿಂತುಬಿಟ್ಟ.

"ಎರಡು ಡಬ್ಬಿ ಯಾಕೆ ಹೊರಗಿವೆ?"

ವೆರ್ಲಾ ಅದನ್ನು ಗಮನಿಸಿದ್ದೇ ಆಗ. ಹಳೆ ಮದ್ದಿನ ಖಾಲಿ ಡಬ್ಬಿ, ಪಕ್ಕದಲ್ಲೇ ಹೊಸದೊಂದರ ಡಬ್ಬಿ. ಎರಡರ ಮುಚ್ಚಳವೂ ತೆರೆದಿತ್ತು. ಮೇಜಿನ ಮೇಲೆ ಒಂದು ಸಲಕ್ಕೆ ಒಂದೇ ಡಬ್ಬಿ ಅನ್ನುವುದು ಆರ್ಡೆನ್‌ನ ಕಟ್ಟಪ್ಪಣೆ. ಕೊನೆಕೊನೆಗೆ ಅವನಿಗೇ ಮರೆವು ಬಂದಿತ್ತು.

"ಇದು ಹಳೇದೇ ಕಣೋ. ಸಣ್ ಸಣ್ ಕಡ್ಡಿ ಥರ ಇದೆ ನೋಡು."

"ಹೊಸದೂ ಕಡ್ಡಿ ಥರಾನೇ ಇರತ್ತೆ. ಎರಡೂ ಬೆರೆತಿದ್ರೆ?"

"ಹತ್ತೇ ತೋಟಾ ತುಂಬ್ತೀನಿ, ಕ್ಲೈಡ್."

"ಒಂದು ಸಾಕು, ರೈಫಲ್ ಸಿಡಿಯೋಕೆ. ಈ ಬೀದೀಲಿ ನೋಡೋ ಹಾಗಿರೋದು ನಿನ್ ಮುಖ ಒಂದೇ. ಅದನ್ನೂ ಕಳ್ಕೋಬೇಡ." ಅವನು ನಗಲಿಲ್ಲ. "ಆರ್ಡೆನ್ ಇದ್ದಿದ್ರೆ ಏನಂತಿದ್ದ?"

ವೆರ್ಲಾ ಎರಡೂ ಡಬ್ಬಿಗಳ ಮುಚ್ಚಳ ಹಾಕಿದಳು.

"ಹೆಸರು ಗೊತ್ತಿಲ್ದಿರೋ ಮದ್ದು ಹುಲ್ಲಿಗೆ ಸುರಿ ಅಂತಿದ್ದ."

ಕೊಳವೆ ಬಿಚ್ಚಿಕೊಂಡು ಅಂಗಳಕ್ಕೆ ಹೋದಳು. ಒಂದೇ ಸಲ ಸುರಿಯಬಹುದಿತ್ತು. ಅವಳು ಬೇಲಿಯುದ್ದಕ್ಕೂ ನಡೆಯುತ್ತಾ ಚಿಟಿಕೆ ಚಿಟಿಕೆಯಾಗಿ ಉದುರಿಸಿದಳು. ಕೊನೆಯ ಚಿಟಿಕೆಯನ್ನು ಅಂಗೈಯಲ್ಲಿಟ್ಟುಕೊಂಡು ಮೂಸಿದಳು. ಅವನ ಅಂಗಿಯ ವಾಸನೆ. ಕ್ಲೈಡ್ ಬೆಟ್ಟದ ಕಡೆ ಮುಖ ತಿರುಗಿಸಿಕೊಂಡ.

"ಚಳೀಲಿ ಬೇಟೆಗೆ ಈಗ ಯಾವ ಮದ್ದು ಒಳ್ಳೇದು?" ಅಂದಳು.

"ನನ್ ಹತ್ರ ನಾಲ್ಕು ಥರ ಇದೆ. ಒಂದೊಂದೇ ತುಂಬಿ, ವೇಗ ನೋಡಿ ಆರಿಸ್ಬೇಕು. ಎರಡು ವಾರ ಹಿಡಿಯತ್ತೆ."

"ಹಿಡೀಲಿ."

ಅಂಗೈ ಮಗುಚಿದಳು. ಉದುರಿದ ಕಡ್ಡಿಗಳು ಹುಲ್ಲಿನ ಬುಡಕ್ಕೆ ಸೇರಿ ಕಾಣದಾದವು.