ಅಜ್ಜಿಯ ಸೊಂಟದಿಂದ ಇಳಿದ ಬಿಂದುಶ್ರೀ

ಕಣಕಟ್ಟೆಯ ಲಲಿತಮ್ಮನ ಮೊಮ್ಮಗಳು ಬಿಂದುಶ್ರೀಗೆ ಐದು ತುಂಬಿದರೂ ಕಾಲಿಗೆ ಮಣ್ಣು ತಾಗಿದ್ದು ಕಡಿಮೆ. ಓರಗೆಯವರು ಅಂಗಳದಲ್ಲಿ ಕುಂಟೆಬಿಲ್ಲೆ ಆಡಿದರೆ ಅವಳು ಅಜ್ಜಿಯ ಸೊಂಟದ ಮೇಲಿಂದಲೇ ನೋಡಬೇಕು. ವರ್ಷಗಟ್ಟಲೆ ಕಾದು, ಪೇಟೆಯ ಆಸ್ಪತ್ರೆಯಲ್ಲಿ ಐವಿಎಫ್, ಅಂದರೆ ದೇಹದ ಹೊರಗೆ ಭ್ರೂಣ ಮಾಡಿ ಗರ್ಭದಲ್ಲಿ ಇರಿಸುವ ಚಿಕಿತ್ಸೆ, ಮಾಡಿಸಿಕೊಂಡು ಸೊಸೆ ನಯನಾ ಹೆತ್ತ ಮಗು ಅದು.

ಬರುವ ಶನಿವಾರ ಮಾಲೇಕಲ್ಲು ಬೆಟ್ಟದ ಹರಕೆ. "ಕೂಸನ್ನ ನಾನೇ ಎತ್ಕಂಡು ಹತ್ತೀನಿ" ಎಂದು ಲಲಿತಮ್ಮ ಹಟ ಹಿಡಿದಿದ್ದಳು. ಆ ಹೊತ್ತಿಗೆ ಐದು ವರ್ಷದ ಲಸಿಕೆಗೆ ಅಂಗನವಾಡಿಗೆ ಕರೆಯಲು ನರ್ಸ್ ಲತಾಮಣಿ ಬಂದಳು.

"ಸೂಜಿ ಬ್ಯಾಡ ಕಣವ್ವ. ನಮ್ಮ ತ್ವಾಟದ ಹೈಬ್ರಿಡ್ ತೆಂಗು ನೋಡು. ಬಿರ್ನೆ ಫಲ ಬಿಡ್ತು, ಬಿರ್ನೆ ಸುಳಿ ಒಣಗ್ತು. ಆಸ್ಪತ್ರೇಲಿ ಹುಟ್ಟಿಸಿದ ಕೂಸೂ ಹಂಗೇ ಆದ್ರೆ?"

ಇಷ್ಟು ವರ್ಷ ಎದೆಯಲ್ಲಿ ಅದುಮಿಟ್ಟ ಮಾತು. ಹೇಳಿ ಲಲಿತಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಅಯ್ಯೋ ಲಲಿತಮ್ಮಾರೇ! ಹೈಬ್ರಿಡ್ ಅಂದ್ರೆ ತಳಿಗೆ ತಳಿ ಬೆರೆಸೋದು. ಇಲ್ಲಿ ತಳಿ ಯಾರ್ದು? ನಿಮ್ಮ ಮಗನದು, ಸೊಸೇದು. ಕಾಯಿನ ಪಾತೀಲಿ ಮೊಳಕೆ ಬರ್ಸಿ ತೋಟಕ್ಕೆ ನೆಡಲ್ವಾ? ಹಂಗೆ. ಬೆಳೆದಿದ್ದು ತಾಯಿ ಹೊಟ್ಟೇಲೇ."

"ಹಂಗಾರೆ ರೋಗ ಗೀಗ ಬರಾಕಿಲ್ವಾ?"

"ಸುಳ್ಳು ಹೇಳಲ್ಲ. ಹಿಂಗೆ ಹುಟ್ಟೋ ಕೆಲವು ಮಕ್ಕಳು ದಿನ ತುಂಬೋ ಮುಂಚೆ, ತೂಕ ಕಮ್ಮಿಯಾಗಿ ಹುಟ್ತವೆ. ಅವಳಿಯಾದ್ರೆ ಇನ್ನೂ ಜಾಸ್ತಿ. ಹುಟ್ಟುದೋಷ ಬರೋದೂ ಒಂಚೂರು ಹೆಚ್ಚು. ಆದ್ರೆ ಬಹುಪಾಲು ಮಕ್ಕಳು ಎಲ್ರಂಗೇ ಬೆಳೀತವೆ. ಹಿಂದೆ ಹಿಂಗೆ ಹುಟ್ಟಿದೋರು ಈಗ ತಾವೇ ಅಪ್ಪ ಅಮ್ಮ ಆಗವ್ರೆ! ಲಸಿಕೆ, ತಪಾಸಣೆ, ಒಳ್ಳೆ ಊಟ, ಮೈತುಂಬ ಆಟ, ಇವಳಿಗೂ ಅಷ್ಟೇ ಬೇಕಾಗಿರೋದು. ಕೂರ್ಸಿ ಕೂರ್ಸಿ ನೀವೇ ಸೊರಗಿಸ್ತಿದೀರಿ."

"ನಾನಾ?" ಲಲಿತಮ್ಮ ಬೆಚ್ಚಿದಳು. ಮಗುವಿನ ಸಣಕಲು ಕಾಲನ್ನು ಒಮ್ಮೆ ಸವರಿ ನೋಡಿದಳು. ಮೆಲ್ಲಗೆ ನೆಲಕ್ಕೆ ಇಳಿಸಿದಳು. "ನಡೀರವ್ವ ಅಂಗನವಾಡಿಗೆ. ನಾನೂ ಬತ್ತೀನಿ."

ಶನಿವಾರ ಮಾಲೇಕಲ್ಲು ಬೆಟ್ಟದ ಮೆಟ್ಟಿಲು ಅರ್ಧ ಹತ್ತುವಷ್ಟರಲ್ಲೇ ಲಲಿತಮ್ಮ ಏದುಸಿರು ಬಿಡುತ್ತ ಕೂತಳು. ತಾನೇ ಹತ್ತಿಕೊಂಡು ಮುಂದೆ ಹೋಗಿದ್ದ ಬಿಂದುಶ್ರೀ ಮೇಲಿನಿಂದ ಕೂಗಿದಳು: "ಏನಜ್ಜೀ, ಅಲ್ಲೇ ಮನೆ ಮಾಡ್ಕಂಡ್ಯಾ?"

"ಬಂದೆ ಕಣೇ ಬಾಯ್ಬಡುಕಿ!" ಸುತ್ತಲಿದ್ದವರೆಲ್ಲ ನಕ್ಕರು. ನಯನಾಳ ನಗು ಎಲ್ಲರಿಗಿಂತ ಜೋರಾಗಿತ್ತು.

ಅಕ್ಕಂದಿರೇ, ಅಣ್ಣಂದಿರೇ, ಚಿಕಿತ್ಸೆಯಿಂದ ಬಂದ ಕೂಸು ನಿಮ್ಮ ಮನೆಯಲ್ಲೂ ಇದ್ದರೆ ವೈದ್ಯರ ಮುಂದೆ ಅದನ್ನು ಮುಚ್ಚಿಡಬೇಡಿ. ಲಸಿಕೆ, ತಪಾಸಣೆ ತಪ್ಪಿಸಬೇಡಿ. ಚಿಕಿತ್ಸೆಗೆ ಹೊರಟವರು ಒಳಿತನ್ನೂ ಅಪಾಯವನ್ನೂ ಮೊದಲೇ ಕೇಳಿ ತಿಳಿದುಕೊಳ್ಳಿ. ಅನುಮಾನ ಇದ್ದರೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ ಕೇಳಿ. ಹೆದರಿಕೆಯನ್ನು ಮಾತ್ರ ಮಗುವಿನ ಮೇಲೆ ಹೊರಿಸಬೇಡಿ.